ಆರು ಗಂಟೆಯ ತಟ್ಟೆ

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಮುಚ್ಚಳ ಕೊಡೋದು ಮರೆತ. ಅದಕ್ಕೇ ನನ್ನಂಥ ಟೈಲ್ಸ್ ಕತ್ತರಿಸೋನು ಹೋದಲ್ಲೆಲ್ಲ ಸದ್ದಿನ ಜಗಳಗಳು ಆಗ್ತಾನೇ ಇರ್ತವೆ. ಚಿಕ್ಕವನಿದ್ದಾಗಲೇ ಸ್ಕೂಲು ಬಿಟ್ಟೋನು, ಆಮೇಲೆ ಎಲ್ಲೂ ಕಾಲು ನಿಂತಿಲ್ಲ. ಹೆಸರಘಟ್ಟ, ಗೊರಗುಂಟೆಪಾಳ್ಯ ಸುತ್ತಿ, ಕಟಿಂಗ್ ಮಿಷನ್ ಹೊತ್ಕೊಂಡು ಪುಟ್ಟೇನಹಳ್ಳಿ ಕೆರೆ ಪಕ್ಕದ ಹೊಸ ಮನೆ ಕೆಲಸಕ್ಕೆ ಬಂದಿದ್ದೆ. ಬೆಳಿಗ್ಗೆ ಕೆರೆ ಮೇಲೆ ಮಂಜು, ಹಗಲೆಲ್ಲ ನಮ್ಮ ಮೇಲೆ ಟೈಲ್ಸ್ ಧೂಳು. ಎರಡಕ್ಕೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ.

ತಟ್ಟೆ

ಎದುರುಮನೆ ರಿಟೈರ್ಡ್ ಸಾಹೇಬರು ಬಡಾವಣೆ ಸಂಘದ ಅಧ್ಯಕ್ಷರು. ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸು ಮಲಗೋದಿಲ್ಲ, ಅವಳಿಗೂ ನಿದ್ದೆಯಿಲ್ಲ, ಕಣ್ಣು ಗುಳಿ ಬಿದ್ದಿತ್ತು. ಸಂಜೆ ಆರಕ್ಕೆ ಮಿಷನ್ ಬಂದ್ ಅನ್ನೋದು ಸಂಘದ ರೂಲು. ಸಾಹೇಬರು ಬಾಲ್ಕನಿಗೆ ಬಂದು ಸ್ಟೀಲ್ ತಟ್ಟೆ ಬಡಿಯೋರು.

"ಇನ್ನೆರಡಿಂಚು ಸಾರ್, ಟೈಲು ಅರ್ಧ ಕಟ್ಟಾಗಿದೆ!"

"ಸೈಲೆನ್ಸ್!" ಢಣ್ ಢಣ್ ಢಣ್.

ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದ್ವು. ಕೂಸೂ ಎದ್ದಿತು.

ಪಿಸುಮಾತು

ಆಮೇಲೆ ಮಧ್ಯಾಹ್ನ ಊಟವಾದ ಮೇಲೂ ಸದ್ದು ಬೇಡ ಅಂದ್ರು. ಸರಿ, ಮಿಷನ್ ಇಲ್ಲ, ಮಾತಿಲ್ಲ. ಕೆರೆ ಗಾಳಿ ಬೀಸ್ತಿತ್ತು. ನನ್ನ ಜೊತೆಗಿದ್ದ ಗಾರೆಯವನು ಕರಣೆ ಹಿಡ್ಕೊಂಡೇ ಮಲಗಿದ, ನಾನು ಸಿಮೆಂಟ್ ಚೀಲಕ್ಕೆ ಒರಗಿದೆ. ಆ ಹೊತ್ತಿಗೇ ಮನೆ ಓನರ್ ಬಂದ.

"ಏನ್ರೋ ಇದು?"

"ಮೆಲ್ಲಗೆ ಸಾರ್," ಗಾರೆಯವನು ಕಣ್ಣು ಬಿಡದೇ ಅಂದ, "ಎದುರುಮನೆ ಕೂಸು ಎದ್ಬಿಡುತ್ತೆ."

ಓನರ್ ಚಪ್ಪಲಿ ಬಿಟ್ಟು ಹತ್ರ ಬಂದು, ಇಬ್ಬರಿಗೂ ಪಿಸುಮಾತಲ್ಲೇ ಬೈದ. ಎಷ್ಟು ಇಂಪಾಗಿತ್ತು ಅಂದ್ರೆ, ಇಬ್ಬರಿಗೂ ಮತ್ತೆ ನಿದ್ದೆ ಬಂತು.

ಜೋಗುಳ

ಕೆಲಸ ಮುಗೀತು. ಮಿಷನ್ ಸುಮ್ಮನಾಗಿತ್ತು. ಊರು ಬಿಡೋಣ ಅಂತ ನಾನು ಚೀಲ ಕಟ್ತಿದ್ದ ಸಂಜೆ, ಸಾಹೇಬರು ಬನಿಯನ್ನಲ್ಲೇ ಓಡಿ ಬಂದ್ರು. ಹಿಂದೆ ಮಗಳು, ಹೆಗಲ ಮೇಲೆ ಕಿರುಚೋ ಕೂಸು.

"ನಿನ್ ಮಿಷನ್ ನಿಂತಾಗಿಂದ ಇದು ಕಣ್ಣೇ ಮುಚ್ಚಿಲ್ಲ ಕಣಯ್ಯಾ. ಆ ಸದ್ದೇ ರೂಢಿಯಾಗ್ಬಿಟ್ಟಿದೆ. ಸ್ವಲ್ಪ ಆನ್ ಮಾಡು."

"ಆರು ದಾಟಿದೆ ಸಾರ್. ರೂಲು..."

"ರೂಲು ಮಾಡ್ದೋನು ನಾನೇ ಕಣಯ್ಯಾ!"

"ಅಣ್ಣಾ, ಕೈ ಮುಗೀತೀನಿ," ಅಂದಳು ಮಗಳು.

ಟೈಲಿಲ್ಲದೇ ಖಾಲಿ ಮಿಷನ್ ಓಡಿಸಿದೆ. ಗುಂಯ್ ಅಂತು. ಕೂಸಿನ ರೆಪ್ಪೆ ಇಳೀತು. ಅವಳೂ ಹೊಸ ಬಾಗಿಲಿಗೆ ಒರಗಿ ಹಾಗೇ ನಿದ್ದೆ ಹೋದಳು. ಕೆರೆ ಕೆಂಪಾಗಿತ್ತು.

ಸಾಹೇಬರ ಫೋನ್ ಹೊಡ್ಕೊಳ್ತು. ಪಕ್ಕದ ಬೀದಿಯವರು, ಅಧ್ಯಕ್ಷರಿಗೆ ಕಂಪ್ಲೇಂಟು: ಆರಾದ ಮೇಲೂ ಎಲ್ಲೋ ಮಿಷನ್ ಓಡ್ತಿದೆಯಂತೆ.

ಸಾಹೇಬರು ಒಂದು ಕಿವಿ ಮುಚ್ಚಿಕೊಂಡು ಕೂಗಿದ್ರು: "ಯಾವ ಮಿಷನ್ ಕಣ್ರೀ? ಯಾವುದೂ ಓಡ್ತಿಲ್ಲ! ಸ್ವಲ್ಪ ಜೋರಾಗಿ ಮಾತಾಡಿ, ಈ ಮಿಷನ್ ಸದ್ದಲ್ಲಿ ಏನೂ ಕೇಳಿಸ್ತಿಲ್ಲ!"