ರೊಟ್ಟಿ ಬಡಿಯುವ ಮಾಸ್ತರ

ಏನನ್ನಾದರೂ ಮುಚ್ಚಿಡಬೇಕು ಅಂತ ಗಟ್ಟಿಯಾಗಿ ನಿಶ್ಚಯ ಮಾಡಿದ ಮನೆಯಲ್ಲೇ ಇಂಥ ಫಜೀತಿಗಳು ಹೆಚ್ಚು. ನಾನು ಅಕ್ಕಿಆಲೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ನನ್ನ ಹೆಂಡತಿ ದನದ ದವಾಖಾನೆಯಲ್ಲಿ ಇನ್‌ಸ್ಪೆಕ್ಟರ್. ಬೆಳಿಗ್ಗೆ ಮೊದಲ ಬಸ್ಸಿಗೆ ಚಿಕ್ಕೇರೂರಿಗೆ ಹೋಗಬೇಕು. ಹಾಗಾಗಿ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವನು ನಾನು.

'ಹಾಗಾಗಿ' ಅಂದದ್ದೂ ಸುಳ್ಳು. ನಾನು ಸಣ್ಣವನಿದ್ದಾಗ ಅವ್ವನ ಕೈ ಮುರಿದು, ಮೂರು ತಿಂಗಳು ನಾನೇ ಒಲೆ ಮುಂದೆ ಕೂತಿದ್ದೆ. ಅಂದಿನಿಂದ ಆ ಕೆಲಸ ಅಂದರೆ ನನಗೆ ಜೀವ. ಹಂಚಿನ ಮೇಲೆ ರೊಟ್ಟಿ ಉಬ್ಬಿದರೆ ನನ್ನ ಎದೆಯೂ ಉಬ್ಬುತ್ತದೆ. ಆದರೆ ಊರ ಮುಂದೆ ಹೇಳಲು ಧೈರ್ಯ ಇರಲಿಲ್ಲ. ಮಂದಿ ನಗುತ್ತಾರೆ ಅಂತ ನನಗೆ, ಮಂದಿ ಬೈಯುತ್ತಾರೆ ಅಂತ ಅವಳಿಗೆ. ಎಂಟು ವರ್ಷ ಅಡುಗೆಮನೆ ಕಿಟಕಿ ಮುಚ್ಚಿಕೊಂಡೇ ಬದುಕಿದೆವು.

೧. ತಾಲೀಮು

ಕಿಟಕಿ ಮುಚ್ಚಬಹುದು, ರೊಟ್ಟಿ ಬಡಿಯುವ ಸಪ್ಪಳ ಮುಚ್ಚುವುದು ಹೇಗೆ? ಒಂದು ದಿನ ನಾನು ಒಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಪಟಪಟ ಬಡಿಯುತ್ತಿದ್ದೆ. ಹೆಂಡತಿ ಅದನ್ನು ಮರೆತು ಅಂಗಳದಲ್ಲಿ ಬಟ್ಟೆ ಹಾಕಲು ಹೋದಳು. ಪಕ್ಕದ ಮನೆಯ ಅಕ್ಕ ಕಿವಿಗೊಟ್ಟು ನಿಂತರು. ನೀವು ಇಲ್ಲಿದ್ದೀರಿ, ಒಳಗೆ ಬಡಿಯುತ್ತಿರುವವರು ಯಾರು ಅಂತ ಕೇಳಿದರು.

ನನ್ನ ಹೆಂಡತಿ ತಡವರಿಸಲಿಲ್ಲ. ಮಾಸ್ತರು ಕುಸ್ತಿಯ ತಾಲೀಮು ಮಾಡುತ್ತಿದ್ದಾರೆ, ತೊಡೆ ತಟ್ಟುವ ಸಪ್ಪಳ ಅದು ಅಂದುಬಿಟ್ಟಳು. ಅಕ್ಕ ಒಪ್ಪಿಕೊಂಡು ಹೋದರು. ಸಂಜೆ ನನ್ನನ್ನು ಕಂಡಾಗ ಬಹಳ ಕಾಳಜಿಯಿಂದ ಕೇಳಿದರು:

"ಮಾಸ್ತರ, ತೊಡಿಗೆ ಎಳ್ಳು ಹಚ್ಚಿ ತಟ್ಟತೀರೇನ್ರಿ? ವಾಸನಿ ನಮ್ಮ ಮನಿತನಕ ಬಂದಿತ್ತು."

೨. ಸೀಟಿ

ಇನ್ನೊಂದು ದಿನ ಹೊತ್ತಾಗಿತ್ತು. ಕೊರಳಲ್ಲಿ ಸೀಟಿ ಹಾಕಿಕೊಂಡೇ ಹಿಟ್ಟು ನಾದಿ, ರೊಟ್ಟಿ ಮುಗಿಸಿ ಶಾಲೆಗೆ ಓಡಿದೆ. ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದರು. ಜೋರಾಗಿ ಸೀಟಿ ಊದಿದೆ. ಸಪ್ಪಳ ಬರಲಿಲ್ಲ, ಒಂದು ಹಿಡಿ ಜೋಳದ ಹಿಟ್ಟು ಬಂತು. ಪಕ್ಕದಲ್ಲೇ ನಿಂತಿದ್ದ ಹೆಡ್‌ಮಾಸ್ತರರ ಕನ್ನಡಕ ಬೆಳ್ಳಗಾಯಿತು.

ಸೀಟಿಗೆ ಪೌಡರು ಹಚ್ಚಿದ್ದೆ ಸರ್, ಬೆವರಿಗೆ ಅಂಟುತ್ತದೆ ಅಂದೆ. ಅವರು ಕನ್ನಡಕ ಒರೆಸಿಕೊಂಡು, ಬೆರಳನ್ನು ನಾಲಿಗೆಗೆ ಮುಟ್ಟಿಸಿ, "ಛಲೋ ಪೌಡರು" ಅಂದರು.

೩. ಅತ್ತೆಯ ಎಂಟು ದಿನ

ಸವಣೂರಿನಿಂದ ನಮ್ಮ ಅತ್ತೆ ಎಂಟು ದಿನ ಇರಲು ಬಂದರು. ಮಗಳು ರೊಟ್ಟಿ ಕಲಿತಿದ್ದಾಳೆ ಅಂತ ಅವರಿಗೆ ಬಹಳ ಹೆಮ್ಮೆ. ಮೊದಲ ದಿನ ಅವರು ಏಳುವ ಮುಂಚೆಯೇ ನಾನು ಎಲ್ಲ ಮುಗಿಸಿ ಬುಟ್ಟಿ ತುಂಬಿಸಿದೆ. ಅತ್ತೆ ಎರಡರ ಜಾಗದಲ್ಲಿ ಮೂರು ತಿಂದರು. ಎರಡನೆಯ ದಿನ ಬೇಗ ಎದ್ದು, ನೋಡಿ ಕಣ್ಣು ತಣಿಸಿಕೊಳ್ಳುತ್ತೇನೆ ಅಂತ ಒಲೆಯ ಪಕ್ಕದಲ್ಲೇ ಕೂತರು.

ಹೆಂಡತಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಪಾಪ, ಅವಳು ಬಡಿದಳು. ಒಂದು ರೊಟ್ಟಿ ಎರಡಾಯಿತು, ಎರಡನೆಯದು ಹಂಚಿಗೆ ಹತ್ತಿಕೊಂಡು ಏಳಲಿಲ್ಲ. ಎಮ್ಮೆಯ ಕಷ್ಟದ ಹೆರಿಗೆಗೂ ಬೆವರದ ಹೆಣ್ಣು ಅಂದು ಬೆವರಿದಳು. ಅತ್ತೆ ಎಲ್ಲ ನೋಡಿ ನನ್ನ ಕಡೆ ತಿರುಗಿದರು.

"ಅಳಿಯಾರ, ನಿನ್ನಿ ರೊಟ್ಟಿ ಮಾಡಿದಾರನ್ನ ಕರೀರಿ."

ನಾನು ಲುಂಗಿ ಮಡಚಿ ಕಟ್ಟಿಕೊಂಡು ಕೂತೆ. ಅತ್ತೆ ಬೈಯಲಿಲ್ಲ, ನಗಲೂ ಇಲ್ಲ. ಉಳಿದ ಏಳೂ ದಿನ ಬಿಸಿ ಬಿಸಿ ಉಂಡರು. ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಮಗಳ ಕೈಹಿಡಿದು, "ಇವರನ್ನ ಚಂದಾಗಿ ನೋಡ್ಕೋ. ಇಂಥಾ ಸೊಸಿ ಯಾರಿಗೂ ಸಿಗೂದಿಲ್ಲ" ಅಂದರು.

೪. ಆದರ್ಶ ಗೃಹಿಣಿ

ಇಷ್ಟಾದರೂ ಊರಿಗೆ ಹೇಳಿರಲಿಲ್ಲ. ಹಾನಗಲ್ಲಿನಲ್ಲಿ ಮಹಿಳೆಯರ ಸಂಘವೊಂದು ರೊಟ್ಟಿ ಸ್ಪರ್ಧೆ ಇಟ್ಟಿತು. ಪಕ್ಕದ ಮನೆಯ ಅಕ್ಕ ನಮ್ಮನ್ನು ಕೇಳದೇ ನನ್ನ ಹೆಂಡತಿಯ ಹೆಸರು ಕೊಟ್ಟುಬಿಟ್ಟರು. ಸ್ಪರ್ಧೆಯ ದಿನ ಇಬ್ಬರೂ ಬಸ್ಸು ಹತ್ತಿದೆವು. ಇಳಿಯುವಾಗ ಅವಳು, "ಇವತ್ತ ಹೇಳಿಬಿಡ್ತೇನಿ. ನನಗ ಸಾಕಾಗೈತಿ" ಅಂದಳು.

ವೇದಿಕೆಯ ಮೇಲೆ ಹಂಚಿನ ಮುಂದೆ ಕೂರುವ ಬದಲು ಅವಳು ನೇರ ಮೈಕಿನ ಹತ್ತಿರ ಹೋದಳು.

"ನನಗ ರೊಟ್ಟಿ ಬರೂದಿಲ್ರಿ. ನಮ್ಮ ಮನ್ಯಾಗ ಮಾಡೂದು ಇವರು. ನಿಮ್ಮ ಎಮ್ಮಿ ಈಯೂದಿದ್ರ ನನ್ನ ಕರೀರಿ, ಬರ್ತೇನಿ."

ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಅವಳ ಫೋನ್ ನಂಬರು ಕೇಳಿದರು. ಸಭೆಯೇ ನಕ್ಕಿತು. ಆ ನಗುವಿನಲ್ಲಿ ನನ್ನ ಎಂಟು ವರ್ಷದ ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಂಗಿಯ ತೋಳು ಮಡಚಿ ಹಂಚಿನ ಮುಂದೆ ಕೂತು ಬಡಿದೆ. ಮೊದಲ ಬಹುಮಾನ ನನಗೇ ಬಂತು. ಪ್ರಶಸ್ತಿಪತ್ರದಲ್ಲಿ ಮೊದಲೇ 'ಆದರ್ಶ ಗೃಹಿಣಿ' ಅಂತ ಅಚ್ಚಾಗಿತ್ತು. ಹೊಡೆದು ಹಾಕಲೇನ್ರಿ ಅಂತ ಸಂಘದವರು ಕೇಳಿದಾಗ, ಇರಲಿ ಬಿಡ್ರಿ ಅಂದೆ.

ಸೋಮವಾರ ಹೆಡ್‌ಮಾಸ್ತರರು ಆ ಪ್ರಶಸ್ತಿಪತ್ರವನ್ನು ಇಡೀ ಶಾಲೆಯ ಮುಂದೆ ಗಂಭೀರವಾಗಿ ಓದಿದರು. ಮಕ್ಕಳು ಚಪ್ಪಾಳೆ ತಟ್ಟಿಯೇ ತಟ್ಟಿದರು. ಆಮೇಲೆ ಹೆಡ್‌ಮಾಸ್ತರರು ನನ್ನನ್ನು ಆಫೀಸಿಗೆ ಕರೆದು ಬಾಗಿಲು ಮುಚ್ಚಿದರು. ಬೈಗುಳ ಬಂತು ಅಂದುಕೊಂಡೆ. ಅವರು ಚೀಲದಿಂದ ಡಬ್ಬಿ ತೆಗೆದು ಮುಂದಿಟ್ಟರು. ಒಳಗೆ ನಾಲ್ಕು ಕಡೆ ಹರಿದ ರೊಟ್ಟಿ.

"ಇದು ನಾನ ಮಾಡಿದ್ದು, ಯಾರ ಮುಂದೂ ಹೇಳಿಲ್ಲ. ಹಿಂಗ್ಯಾಕ ಹರಿತಾವ್ರಿ?"

ಹಿಟ್ಟಿಗೆ ಕುದಿಯುವ ನೀರು ಹಾಕಬೇಕು ಅಂದೆ. ಅವರು ಅವಸರದಲ್ಲಿ ಪೆನ್ನು ತೆಗೆದು, ಎದುರಿಗೆ ತೆರೆದಿದ್ದ ಪುಸ್ತಕದಲ್ಲೇ ಬರೆದುಕೊಂಡರು. ಅದು ಶಿಕ್ಷಕರ ಹಾಜರಿ ಪುಸ್ತಕ. ಆ ಸೋಮವಾರ ನನ್ನ ಹೆಸರಿನ ಮುಂದೆ ಸಹಿ ಇಲ್ಲ, 'ಕುದಿನೀರು' ಅಂತ ಇದೆ.