ವೆಬ್‌ಸೈಟಿಗೆ ಎಷ್ಟು ಬಾಗಿಲು?

ಊರಿಗೆ ಹೊಸದೇನೇ ಬರಲಿ, ಅದನ್ನು ಮೊದಲು ವಿವರಿಸಲು ಹೋದವನ ಗತಿ ನಗೆಪಾಟಲೇ. ಫೋನ್ ಲೈನಿನ ಇಂಟರ್ನೆಟ್ ಕಾಲದಲ್ಲಿ ಗೋಕಾಕದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತ, ವೆಬ್‌ಸೈಟ್ ಬೇರೆ ಮಾಡಿಕೊಡುತ್ತೇನೆಂದು ಬೋರ್ಡು ಹಾಕಿದ್ದೆ. ನನ್ನ ಮೊದಲ ಗಿರಾಕಿಗಳ ಕಥೆ ಇದು.

೧. ಕಣಗಲಾ ಊರವರ ದಾರಿ

ಮೂವರು ಅಣ್ಣತಮ್ಮಂದಿರು, ಪಂಪ್‌ಸೆಟ್ ವ್ಯಾಪಾರ. ಹಿರಿಯನ ಅಂಗಡಿ ಗೋಕಾಕದಲ್ಲಿ, ನಡುವಿನವನದು ಮೂಡಲಗಿಯಲ್ಲಿ, ಕಿರಿಯನದು ಹುಕ್ಕೇರಿಯಲ್ಲಿ. ಊಟ ಮಾತ್ರ ಒಂದೇ ಮನೆಯಲ್ಲಿ. ವೆಬ್‌ಸೈಟಿನಲ್ಲಿ ಮೂರೂ ಊರು ಬೇಕೆಂದರು. ಕಾಗದದ ಮೇಲೆ ಬರೆದು ತೋರಿಸಿದೆ. ಅಂಗಡಿಯ ಹೆಸರು ಬರೆದು, ಓರೆಗೀಟು ಎಳೆದು, ಆಮೇಲೆ ಊರಿನ ಹೆಸರು ಹಾಕಿದರೆ ಸಬ್‌ಡೈರೆಕ್ಟರಿ. ಊರು ಮೊದಲು, ಚುಕ್ಕಿ, ಆಮೇಲೆ ಅಂಗಡಿ ಬಂದರೆ ಸಬ್‌ಡೊಮೇನ್.

"ಮೊದಲಿನದರಾಗ ಎಲ್ಲಾರೂ ದೊಡ್ಡ ಅಂಗಡಿ ಬಾಗಲದಿಂದ ಒಳಗ ಬಂದು, ಆಮ್ಯಾಲ ತಮ್ಮ ತಮ್ಮ ಊರಿಗೆ ಹೋಗ್ತಾರ್ರಿ" ಎಂದೆ.

ಕಿರಿಯನಿಗೆ ಸಿಟ್ಟು ಬಂತು. "ನಮ್ಮ ಕಡೆ ಕಣಗಲಾ ಊರಿನ ಮಂದಿ ಹುಕ್ಕೇರಿಗೆ ಬರಾಕ ಗೋಕಾಕಕ್ಕ ಯಾಕ ಹೋಗಬೇಕ್ರಿ?"

ಹಿರಿಯ ಸಮಾಧಾನ ಮಾಡಿದ. "ಬರಲಿ ಬಿಡೋ ತಮ್ಮಾ. ಬಂದವ್ರಿಗೆ ನಾನೇ ಪಂಪ್ ಕೊಟ್ಟು ಕಳಸ್ತೇನಿ."

೨. ನಡುವಿನ ಗೋಡೆ

ಅಷ್ಟಕ್ಕೇ ಬಿಡಬೇಕಿತ್ತು. ಬುದ್ಧಿ ಇಲ್ಲದ ನಾನು ಮುಂದುವರಿದೆ. "ಸಬ್‌ಡೊಮೇನ್ ಅಂದ್ರ ಮೂರು ಬ್ಯಾರೆ ಮನಿ ಇದ್ದಂಗ್ರಿ. ಇನ್ನೊಂದು ಅಂದ್ರ ಒಂದ ಮನ್ಯಾಗ ಮೂರು ಖೋಲಿ."

"ನನಗ ಬ್ಯಾರೆ ಮನಿನೇ ಬೇಕು" ಎಂದ ಕಿರಿಯ. ಮೂಡಲಗಿಯವನು ಇಬ್ಬರ ಮಾತಿಗೂ ತಲೆಯಾಡಿಸಿದ.

ಆ ಮಾತು ಅವರಿಗಿಂತ ಮುಂಚೆ ಮನೆ ಮುಟ್ಟಿತು. ಮರುದಿನ ಘೋಡಗೇರಿಯಿಂದ ಅವರ ಸೋದರಮಾವ, ಕೊಣ್ಣೂರಿನಿಂದ ಇಬ್ಬರು ಹಿರಿಯರು ನನ್ನ ಕ್ಲಾಸಿನ ಬೆಂಚಿನ ಮೇಲೆ ಬಂದು ಕೂತರು. ಆಸ್ತಿ ಪಾಲು ಮಾಡಲು ಬಂದಿದ್ದರು! ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ಮನೆ ಒಡೆದರೆ ಗೋಕಾಕ, ಹುಕ್ಕೇರಿ ಎರಡೂ ತಾಲ್ಲೂಕಿನಲ್ಲಿ ನಾನು ಮನೆಮುರುಕ. ಆಮೇಲೆ ವೆಬ್‌ಸೈಟ್ ಹಾಗಿರಲಿ, ಟೈಪಿಂಗ್ ಕೆಲಸವೂ ಸಿಗದು. ಇದು ಬರೀ ಕಂಪ್ಯೂಟರಿನೊಳಗಿನ ಮನೆ ಎಂದು ಅರ್ಧ ತಾಸು ತಿಳಿಸಿ ಹೇಳಿದೆ.

ಸೋದರಮಾವ ಎಲ್ಲ ಕೇಳಿ ಕೇಳಿ ಕೊನೆಗೆ ಬಾಯಿ ಬಿಟ್ಟ. "ಅದೆಲ್ಲಾ ಖರೆ. ನಡುವಿನ ಗ್ವಾಡಿ ಯಾರ ಪಾಲಿಗೆ ಬರ್ತೈತಿ?"

೩. ಆಯಿಯ ತೀರ್ಮಾನ

ಪಂಚಾಯ್ತಿ ಬಗೆಹರಿಯದೆ ಎಲ್ಲರೂ ಅವರ ತಾಯಿಯ ಮುಂದೆ ಹೋದೆವು. ಮನೆಯವರೆಲ್ಲ ಆಯಿ ಎನ್ನುತ್ತಿದ್ದ ಆ ಹಿರಿಯಾಕೆ ಮೆಂತ್ಯ ಸೊಪ್ಪು ಸೋಸುತ್ತ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಬ್ಯಾರೆ ಬ್ಯಾರೆ ಮಾಡಿದ್ರ, ಒಬ್ಬನ ಕಡೆ ಬಂದ ಮಂದಿಯಿಂದ ಉಳಿದವರಿಗೆ ಉಪಯೋಗ ಐತೇನು?"

"ಅಷ್ಟೇನಿಲ್ರಿ ಆಯಿ. ಒಬ್ಬೊಬ್ಬರೂ ಹೊಸದಾಗಿ ಹೆಸರು ಮಾಡಬೇಕಾಗ್ತೈತಿ."

"ಹಂಗಾರ ಒಂದ ಬಾಗಲಾ, ಮೂರು ಖೋಲಿ. ಮುಗೀತು."

ಮಕ್ಕಳು ತಲೆ ತಗ್ಗಿಸಿದರು. ಮನೆ ಉಳಿಯಿತು, ಜೊತೆಗೆ ನನ್ನ ಹೆಸರೂ ಉಳಿಯಿತು. ಹೋದ ಜೀವ ಬಂದಂತಾಯಿತು.

ಗಂಡಸರೆಲ್ಲ ಚಹಾಕ್ಕೆ ಎದ್ದ ಮೇಲೆ ಆಯಿ ನನ್ನನ್ನು ಹತ್ತಿರ ಕರೆದರು. ಅಡುಗೆಮನೆಯಲ್ಲಿ ಮೂವರು ಸೊಸೆಯಂದಿರ ಜಗಳ ಜೋರಾಗಿತ್ತು. ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ತಮ್ಮಾ, ಆ ಬ್ಯಾರೆ ಮನಿ ಅಂದೆಲ್ಲಾ, ಅದನ್ನ ನನಗೊಂದು ಮಾಡಿಕೊಡು. ಒಳಗಿನ ಚಿಲಕ ಗಟ್ಟಿ ಇರಲಿ."