ನಲವತ್ತು ವರ್ಷ ಬೀಳದ ಕಾಕಾ

ಇವತ್ತು ಐದಕ್ಕೆ ಎದ್ದು ಎಮ್ಮೆ ಹಿಂಡಿದೆ, ಅಂಗಳ ಸಾರಿಸಿದೆ, ಇಪ್ಪತ್ತು ರೊಟ್ಟಿ ಬಡಿದೆ, ಬಾಣಂತಿ ಮಗಳಿಗೆ ನೀರು ಕಾಸಿದೆ, ಸ್ಕೂಟಿ ಒರೆಸಿದೆ, ಕಾಕಾನ ಭಾಷಣ ಕೇಳಿದೆ. ದಣಿವಾದದ್ದು ಕೊನೆಯದಕ್ಕೆ.

ನಮ್ಮ ಯಜಮಾನರ ಕಾಕಾ ನಲವತ್ತು ವರ್ಷದಿಂದ ಬೈಕು ಓಡಿಸುತ್ತಾರೆ. ಇಷ್ಟು ವರ್ಷದಲ್ಲಿ ಅವರನ್ನು ಹಿಂದೆ ಹಾಕದ ಗಾಡಿಯೆಂದರೆ ನಿಂತ ಗಾಡಿ ಮಾತ್ರ. ಆದರೆ ‘ಒಮ್ಮೆಯೂ ಬಿದ್ದಿಲ್ಲ’ ಎಂಬುದನ್ನು ಅವರು ಮದುವೆಮನೆಯಲ್ಲಿ, ಹಾಲಿನ ಡೈರಿಯಲ್ಲಿ, ಒಮ್ಮೆ ಸತ್ತವರ ಮಣ್ಣಿಗೆ ಹೋದಲ್ಲಿಯೂ ಹೇಳಿದ್ದಾರೆ. ಆ ವೇಗಕ್ಕೆ ಬೀಳುವುದಾದರೂ ಹೇಗೆ ಎಂದು ಯಾರೂ ಕೇಳಿಲ್ಲ.

ಮೊಮ್ಮಗಳಿಗೆ ತೊಟ್ಟಿಲು ತರಲು ಸಂಶಿಯಿಂದ ಕಲಘಟಗಿಗೆ ಹೊರಟೆವು: ಕಾಕಾ, ಯಜಮಾನರು, ಬೈಕನ್ನು ಹಾರಿಸುವ ಮೈದುನ, ನಾಲ್ಕು ತಿಂಗಳ ಹಿಂದೆ ಸ್ಕೂಟಿ ಕಲಿತ ನಾನು. ಯಜಮಾನರದು ಒಂದೇ ಕರಾರು: “ಇವತ್ತ ಬಿದ್ದಿ ಅಂದ್ರ ಸ್ಕೂಟಿ ಮಾರೂದ.” ಮುಂದಿನ ವಾರ ಮಗಳು ಕೂಸಿನೊಂದಿಗೆ ಗಂಡನ ಮನೆಗೆ, ಕುಬಿಹಾಳಕ್ಕೆ ಹೋಗುತ್ತಾಳೆ. ಸ್ಕೂಟಿ ಹೋದರೆ ಮೊಮ್ಮಗಳನ್ನು ನೋಡಲು ನಾನು ಇವರ ಪುರುಸೊತ್ತು ಕಾಯಬೇಕು. ಆ ಪುರುಸೊತ್ತನ್ನು ಲಗ್ನವಾದಾಗಿನಿಂದ ನಾನು ಕಂಡಿಲ್ಲ.

ಕಾಕಾ ಸಾಲು ಹಚ್ಚಿದರು. “ಹೊಸದಾಗಿ ಕಲಿತಾಕಿ ಮುಂದ. ಆಕಿ ಹಿಂದ ನಾ. ನೀವಿಬ್ಬರೂ ಎರಡ ಹೊಲದಷ್ಟು ದೂರ.”

“ಇದೇನ ಚಕ್ಕಡಿ ಸಾಲೇನ್ರಿ ಕಾಕಾ?” ಎಂದ ಮೈದುನ.

“ಹೌದಲೇ. ಎಳಗರು ಹೂಡಿದ ಚಕ್ಕಡಿ ಮುಂದಿದ್ರ ಯಾರೂ ಹಿಂದ ಉಳಿಯೂದಿಲ್ಲ.”

ಐವತ್ತೆರಡಕ್ಕೆ ಎಳಗರು ಎನಿಸಿಕೊಂಡ ಸಂತೋಷ ಕುಂದಗೋಳದವರೆಗೆ ಇತ್ತು. ಅಲ್ಲಿ ಒಬ್ಬ ಸೈಕಲ್ಲಿನವನು ನಮ್ಮ ಇಡೀ ದಂಡನ್ನು ದಾಟಿ, ಹಿಂತಿರುಗಿ ನೋಡಿ, “ಗಾಡಿ ಕೆಟ್ಟಾವೇನ್ರಿ?” ಎಂದ.

ಕಲಘಟಗಿಯಲ್ಲಿ ಕೊಂಡ ಬಣ್ಣದ ತೊಟ್ಟಿಲನ್ನು ಬಿಚ್ಚಿ, ಚಾದರದಲ್ಲಿ ಸುತ್ತಿ, ಹಿಂದಿನ ಎರಡು ಬೈಕಿಗೆ ಕಟ್ಟಿ ತಿರುಗಿದೆವು. ಊರು ಇನ್ನೇನು ಬಂತು ಎನ್ನುವಾಗ, ತಿರುವಿನಾಚೆ ಕುರಿ ಹಿಂಡು ಅಡ್ಡ ಬಂತೆಂದು ಬ್ರೇಕ್ ಹಿಡಿದೆ. ಸ್ಕೂಟಿ ನಿಂತಿತು, ನಾನು ನಿಲ್ಲಲಿಲ್ಲ. ಇಬ್ಬರೂ ಒಟ್ಟಿಗೆ ಮಲಗಿದೆವು.

ಕಾಕಾ ಇಳಿದು ಬಂದರು. “ಪೆಟ್ಟಾತೇನವಾ?”

“ಇಲ್ರಿ ಕಾಕಾ. ಸ್ಕೂಟಿ ಹೋತ್ರಿ.”

ಹಿಂದೆ ನೋಡಿದರು. ಅವರಿಬ್ಬರೂ ತಿರುವು ದಾಟಿರಲಿಲ್ಲ. ಕಾಕಾ ತಮ್ಮ ಬೈಕನ್ನು ನನ್ನ ಹಿಂದೆ ತಂದು, ಕೂಸನ್ನು ಹಾಸಿಗೆಗೆ ಇಳಿಸುವಂತೆ ಮೆಲ್ಲಗೆ ನೆಲಕ್ಕೆ ಮಲಗಿಸಿ, ಅಂಗಿಗೆ ಒಂದು ಹಿಡಿ ಮಣ್ಣು ಸವರಿಕೊಂಡು ನನ್ನ ಬಾಜು ಕುಳಿತರು.

“ಏನಾತು?” ಯಜಮಾನರು ಬಂದರು.

“ಹಿಂದಿಂದ ನಾನ ಹಾಯ್ದೆ. ಆಕೀದೇನೂ ತಪ್ಪಿಲ್ಲ. ಮಾರೂದಿದ್ರ ನಂದ ಮಾರು.”

“ಆ ಸ್ಪೀಡಿಗೆ ಹ್ಯಾಂಗ ಹಾಯ್ದ್ರಿ ಕಾಕಾ?” ಮೈದುನ ಮನೆಯವರೆಗೂ ನಕ್ಕ. ನಾವು ಮುಟ್ಟುವ ಮೊದಲೇ ಡೈರಿಗೆ ಸುದ್ದಿ ಮುಟ್ಟಿತ್ತು. ನಲವತ್ತು ವರ್ಷ ಹೇಳಿದ ಮಾತನ್ನು ಕಾಕಾ ಆಮೇಲೆ ಹೇಳಲಿಲ್ಲ. ಇನ್ನು ಹೇಳುವುದೂ ಇಲ್ಲ.

ಊಟಕ್ಕೆ ರೊಟ್ಟಿ, ಝುಣಕ, ಮೊಸರು. ಕಾಕಾನಿಗೆ ಎರಡು ಚಮಚ ತುಪ್ಪ ಹೆಚ್ಚು ಬಡಿಸಿದೆ. ಮೊದಲು ನಿದ್ದೆ ಹೋದವರು ಅವರೇ, ಜೋಡಿಸಿ ಕಟ್ಟಿದ ಹೊಸ ತೊಟ್ಟಿಲ ಹಗ್ಗ ಕೈಯಲ್ಲಿ ಹಿಡಿದುಕೊಂಡು. ಒಳಗೆ ಮೊಮ್ಮಗಳು ಕಣ್ಣು ಬಿಟ್ಟುಕೊಂಡೇ ಇದ್ದಳು.